ಒಂದೇ ಮಿಕ್ಸಿ, ಎರಡು ಫೋನು, ಎರಡು ಕ್ರಯ: ನಿಮಗೆ ತೋರಿಸುವ ರೇಟನ್ನು ನೀವೇ ಪರೀಕ್ಷಿಸುವುದು ಹೇಗೆ?

"ನನ್ನ ಫೋನಿನಲ್ಲಿ ಒಂದು ರೇಟ್, ಮಗಳ ಫೋನಿನಲ್ಲಿ ಇನ್ನೊಂದು ರೇಟ್. ಇದು ಮೋಸ ಅಲ್ವಾ?"

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಉಪ್ಪಳ, ಕುಂಬಳೆ ಕಡೆಯ ಓದುಗರಿಂದ, ದಿನಾ ರೈಲು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮವರಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಲಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ಎರಡು ಫೋನಿನಲ್ಲಿ ಎರಡು ರೇಟ್ ಕಂಡರೆ ಅದಕ್ಕೆ ಹಲವು ಕಾರಣ ಇರಬಹುದು. ಹೆಚ್ಚಿನ ಸಲ ಕಾರಣ ಸಾದಾ ಆಗಿರುತ್ತದೆ: ಮಾರುವವರು ಬೇರೆ, ಪಿನ್‌ಕೋಡ್ ಬೇರೆ, ಬ್ಯಾಂಕ್ ಕಾರ್ಡಿನ ರಿಯಾಯಿತಿ ಬೇರೆ. ಆದರೆ ಕೆಲವು ಸಲ ನಿಮ್ಮ ಬಗ್ಗೆ ಆ್ಯಪ್‌ಗೆ ಗೊತ್ತಿರುವ ವಿಷಯವೇ ಕಾರಣ. ಇವೆರಡನ್ನು ಬೇರೆ ಮಾಡುವುದು ಕಷ್ಟದ ಕೆಲಸ ಅಲ್ಲ. ಎರಡು ಫೋನು, ಒಂದು ನೋಟ್‌ಬುಕ್, ಅರ್ಧ ಗಂಟೆ ಸಮಯ ಇದ್ದರೆ ಸಾಕು.

ಮೂರು ಬಗೆಯ ಕ್ರಯ

ಪರೀಕ್ಷೆಗೆ ಇಳಿಯುವ ಮೊದಲು ಈ ಮೂರನ್ನು ಸರಿಯಾಗಿ ತಿಳಿದುಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ.

ಒಂದು, ಹೊತ್ತಿಗೆ ತಕ್ಕ ಕ್ರಯ. ಇದಕ್ಕೆ ಡೈನಾಮಿಕ್ ಪ್ರೈಸಿಂಗ್ ಎನ್ನುತ್ತಾರೆ. ನಮ್ಮ ಅಡಿಕೆ ಧಾರಣೆಯ ಹಾಗೆ. ಇವತ್ತಿನ ಧಾರಣೆ ನಾಳೆ ಇಲ್ಲ. ಆದರೆ ಇವತ್ತು ಬೋರ್ಡಿನಲ್ಲಿ ಬರೆದಿರುವ ಧಾರಣೆ, ಅದೇ ಗುಣಮಟ್ಟದ ಅಡಿಕೆ ತಂದ ಎಲ್ಲರಿಗೂ ಒಂದೇ. ರಾಜಧಾನಿ ರೈಲಿನ ಫ್ಲೆಕ್ಸಿ ಫೇರ್ ಕೂಡ ಹೀಗೆಯೇ. 2016ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಈ ಪದ್ಧತಿಯಲ್ಲಿ ಸೀಟುಗಳು ತುಂಬುತ್ತಾ ಹೋದಂತೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಏರಿದ ದರ ಆ ಹೊತ್ತಿಗೆ ಬುಕ್ ಮಾಡುವ ಎಲ್ಲರಿಗೂ ಅನ್ವಯ.

ಎರಡು, ಜಾಗಕ್ಕೆ ತಕ್ಕ ಕ್ರಯ. ಕೇರಳ-ಕರ್ನಾಟಕ ಗಡಿಯಲ್ಲಿರುವ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಲಪಾಡಿ ದಾಟಿ ಹೋದವರು ಬರುವಾಗ ಕರ್ನಾಟಕದ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡೇ ಬರುತ್ತಾರೆ. ಎರಡು ರಾಜ್ಯಗಳ ತೆರಿಗೆ ಬೇರೆ, ಹಾಗಾಗಿ ರೇಟ್ ಬೇರೆ. ಆದರೆ ಆ ಬಂಕಿಗೆ ಹೋದ ಎಲ್ಲರಿಗೂ ಒಂದೇ ರೇಟ್.

ಮೂರು, ಆಳಿಗೆ ತಕ್ಕ ಕ್ರಯ. ಪರ್ಸನಲೈಸ್ಡ್ ಪ್ರೈಸಿಂಗ್ ಎಂದರೆ ಇದು. ಅದೇ ಸಾಮಾನು, ಅದೇ ಹೊತ್ತು, ಅದೇ ಜಾಗ, ಆದರೂ ನಿಮಗೊಂದು ರೇಟ್, ನನಗೊಂದು ರೇಟ್. ಮುಖ ನೋಡಿ ಮಣೆ ಹಾಕುವುದು ಎನ್ನುತ್ತಾರಲ್ಲ, ಅದು. ಮೀನು ಮಾರುವವರೂ ಒಮ್ಮೊಮ್ಮೆ ಗಿರಾಕಿಯ ಮುಖ ನೋಡಿ ಕ್ರಯ ಹೇಳುತ್ತಾರೆ, ನಿಜ. ಆದರೆ ಅಲ್ಲಿ ನಾವೂ ಅವರ ಮುಖ ನೋಡುತ್ತೇವೆ. ಚೌಕಾಸಿ ಮಾಡುತ್ತೇವೆ, ಪಕ್ಕದ ಬುಟ್ಟಿಯ ಕ್ರಯ ಕಿವಿಗೆ ಬೀಳುತ್ತದೆ. ಫೋನಿನಲ್ಲಿ ಅವರು ನಮ್ಮನ್ನು ನೋಡುತ್ತಾರೆ, ನಾವು ಅವರನ್ನು ನೋಡುವುದಿಲ್ಲ. ಪಕ್ಕದವರಿಗೆ ಎಷ್ಟು ಹೇಳಿದರು ಎಂಬುದೂ ಕೇಳಿಸುವುದಿಲ್ಲ. ನನಗೆ ಇದರಲ್ಲಿ ಎಲ್ಲಕ್ಕಿಂತ ತಪ್ಪು ಅನಿಸುವುದು ಇದೇ.

ಇದು ಹೊಸತೇನೂ ಅಲ್ಲ. 2000ನೇ ಇಸವಿಯಲ್ಲಿ ಅಮೆಜಾನ್ ಅಮೆರಿಕದಲ್ಲಿ ಒಂದೇ ಡಿವಿಡಿಗೆ ಬೇರೆ ಬೇರೆ ಗ್ರಾಹಕರಿಗೆ ಬೇರೆ ಬೇರೆ ರೇಟ್ ತೋರಿಸಿತು. ಸುದ್ದಿಯಾದ ಮೇಲೆ, ಇದು ಗೊತ್ತುಗುರಿಯಿಲ್ಲದೆ ಆರಿಸಿದ ಗ್ರಾಹಕರ ಮೇಲೆ ನಡೆಸಿದ ಪ್ರಯೋಗ, ಯಾರ ಮಾಹಿತಿಯನ್ನೂ ನೋಡಿ ಮಾಡಿದ್ದಲ್ಲ ಎಂದು ಕಂಪನಿ ಹೇಳಿತು. ತಪ್ಪಾಯಿತೆಂದು ಒಪ್ಪಿ 6,896 ಗ್ರಾಹಕರಿಗೆ ಸರಾಸರಿ 3.10 ಡಾಲರ್ ವಾಪಸ್ ಕೊಟ್ಟಿತು. 2012ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಇನ್ನೊಂದನ್ನು ಬಯಲು ಮಾಡಿತು. ಸ್ಟೇಪಲ್ಸ್ ಎಂಬ ಸ್ಟೇಷನರಿ ಕಂಪನಿಯ ವೆಬ್‌ಸೈಟ್, ಹತ್ತಿರದಲ್ಲಿ ಎದುರಾಳಿ ಅಂಗಡಿ ಇರುವ ಊರಿನವರಿಗೆ ಕಡಿಮೆ ರೇಟ್ ತೋರಿಸುತ್ತಿತ್ತು. ಅಂಥ ಅಂಗಡಿ ದೂರ ಇರುವವರಿಗೆ ಜಾಸ್ತಿ. ಮುಳ್ಳೇರಿಯ, ಅಡೂರಿನಂಥ ಕಡೆ ಇರುವವರು ಇದನ್ನು ಎರಡು ಸಲ ಓದಬೇಕು. ಬೇರೆ ದಾರಿ ಇಲ್ಲದವರೇ ಜಾಸ್ತಿ ಕೊಡಬೇಕಾಗಿ ಬರುವುದು ಈ ಪದ್ಧತಿಯ ದೊಡ್ಡ ಕೆಡುಕು.

ನಮ್ಮ ದೇಶದಲ್ಲಿ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಓಲಾ ಮತ್ತು ಊಬರ್‌ಗೆ ನೋಟಿಸ್ ಕೊಟ್ಟಿತು. ಒಂದೇ ಪ್ರಯಾಣಕ್ಕೆ ಐಫೋನಿನಲ್ಲಿ ಒಂದು ದರ, ಆಂಡ್ರಾಯ್ಡ್‌ನಲ್ಲಿ ಇನ್ನೊಂದು ದರ ಕಾಣುತ್ತಿದೆ ಎಂಬ ದೂರು ಬಂದಿತ್ತು. ಸಚಿವ ಪ್ರಲ್ಹಾದ್ ಜೋಶಿ ಅವರೇ ಇದನ್ನು ತಿಳಿಸಿದರು. ಫೋನ್ ನೋಡಿ ದರ ಹಾಕುವುದಿಲ್ಲ ಎಂದು ಎರಡೂ ಕಂಪನಿಗಳು ಹೇಳಿದವು.

ಇನ್ನು ಪರೀಕ್ಷೆಗೆ ಬರೋಣ.

ಹಂತ 1: ಸಾಮಾನನ್ನು ಗಟ್ಟಿ ಮಾಡಿಕೊಳ್ಳಿ

ಎರಡೂ ಫೋನಿನಲ್ಲಿ ನೋಡುತ್ತಿರುವುದು ಒಂದೇ ಸಾಮಾನು ಹೌದೋ ಎಂದು ಮೊದಲು ಖಚಿತ ಮಾಡಿ. ಹೆಸರು ಒಂದೇ ಇದ್ದರೆ ಸಾಲದು. ಮಾಡೆಲ್ ನಂಬರ್, ಬಣ್ಣ, ವ್ಯಾಟ್, ಎಷ್ಟು ಜಾರ್, ಎಷ್ಟು ವರ್ಷದ ವಾರಂಟಿ, ಎಲ್ಲ ನೋಡಿ. ಕೆಂಪು ಮಿಕ್ಸಿಗೂ ಬಿಳಿ ಮಿಕ್ಸಿಗೂ ಇನ್ನೂರು ರೂಪಾಯಿ ವ್ಯತ್ಯಾಸ ಇರುವುದು ಮಾಮೂಲು.

ಎಲ್ಲಕ್ಕಿಂತ ಮುಖ್ಯವಾಗಿ ಮಾರುವವರ ಹೆಸರು ನೋಡಿ. ದೊಡ್ಡ ಶಾಪಿಂಗ್ ಆ್ಯಪ್‌ಗಳು ಸಂತೆಯ ಮೈದಾನ ಇದ್ದ ಹಾಗೆ. ಒಂದೇ ಸಾಮಾನನ್ನು ಹತ್ತು ಮಂದಿ ಮಾರುತ್ತಿರುತ್ತಾರೆ. ನಿಮ್ಮ ಊರಿಗೆ ಬೇಗ ತಲುಪಿಸಬಲ್ಲವರನ್ನು ಆ್ಯಪ್ ಮುಂದೆ ನಿಲ್ಲಿಸುತ್ತದೆ. ನಿಮ್ಮ ಫೋನಿನಲ್ಲಿ ಒಬ್ಬರು, ಮಗಳ ಫೋನಿನಲ್ಲಿ ಇನ್ನೊಬ್ಬರು ಮುಂದೆ ನಿಂತಿದ್ದರೆ ರೇಟ್ ಬೇರೆ ಆಗುವುದು ಸಹಜ. ನನಗೆ ಬಂದ ದೂರುಗಳಲ್ಲಿ ಜಾಸ್ತಿ ಇಂಥವೇ.

ಹಂತ 2: ಎರಡೂ ಫೋನುಗಳನ್ನು ಒಂದೇ ಸ್ಥಿತಿಗೆ ತನ್ನಿ

ಎರಡೂ ಫೋನು ಒಂದೇ ಮೇಜಿನ ಮೇಲಿರಲಿ. ಒಂದೇ ವೈಫೈ ಇದ್ದರೆ ಒಳ್ಳೆಯದು. ಮಂಜೇಶ್ವರ, ತಲಪಾಡಿ ಬದಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮನೆಯ ಎದುರಿನ ಕೋಣೆಯಲ್ಲಿ ಕೇರಳದ ಟವರ್, ಅಡುಗೆ ಕೋಣೆಯಲ್ಲಿ ಕರ್ನಾಟಕದ ಟವರ್ ಸಿಗುವ ಮನೆಗಳು ನಮ್ಮಲ್ಲಿವೆ. ಒಂದು ಫೋನಿನ ಲೊಕೇಶನ್ ಕಾಸರಗೋಡು ಎಂದೂ ಇನ್ನೊಂದರದ್ದು ಮಂಗಳೂರು ಎಂದೂ ತೋರಿಸಿದರೆ ಹೋಲಿಕೆ ಅಲ್ಲಿಗೇ ಹಾಳಾಯಿತು.

ವಿಳಾಸದ ಜಾಗದಲ್ಲಿ ಎರಡರಲ್ಲೂ ಒಂದೇ ಪಿನ್‌ಕೋಡ್ ಹಾಕಿ. ಎರಡರಲ್ಲೂ ಆ್ಯಪ್‌ನಲ್ಲೇ ನೋಡಿ, ಇಲ್ಲವೇ ಎರಡರಲ್ಲೂ ಬ್ರೌಸರಿನಲ್ಲೇ ನೋಡಿ. ಒಂದರಲ್ಲಿ ಆ್ಯಪ್, ಇನ್ನೊಂದರಲ್ಲಿ ವೆಬ್‌ಸೈಟ್ ಬೇಡ. ಆ್ಯಪ್‌ನಲ್ಲಿ ಕೊಂಡವರಿಗೆ ಮಾತ್ರ ರಿಯಾಯಿತಿ ಎಂಬ ಆಫರ್ ಇದ್ದೇ ಇರುತ್ತದೆ. ಹಣ ಕೊಟ್ಟು ಪಡೆದ ಸದಸ್ಯತ್ವ ಯಾರ ಖಾತೆಯಲ್ಲಿದೆ ಎಂದು ಬರೆದಿಟ್ಟುಕೊಳ್ಳಿ.

ಹಂತ 3: ಒಂದೇ ನಿಮಿಷದಲ್ಲಿ, ಕೊನೆಯ ಪುಟದವರೆಗೆ

ಇಬ್ಬರು ಕೂತು ಮಾಡಿದರೆ ಸುಲಭ. ಇಬ್ಬರೂ ಒಟ್ಟಿಗೆ ಪುಟ ತೆರೆಯಿರಿ, ಒಟ್ಟಿಗೆ ಕಾರ್ಟ್‌ಗೆ ಹಾಕಿ, ಹಣ ಕಟ್ಟುವ ಪುಟದವರೆಗೆ ಹೋಗಿ. ಅಲ್ಲಿ ನಿಲ್ಲಿಸಿ. ಹಣ ಕಟ್ಟಬೇಡಿ.

ಕೊನೆಯ ಪುಟದವರೆಗೆ ಯಾಕೆ ಹೋಗಬೇಕು? ಆಳಿಗೆ ತಕ್ಕ ಕ್ರಯ ಮೊದಲ ಪುಟದಲ್ಲಿ ಕಾಣುವುದು ಕಡಿಮೆ. ಪ್ಯಾಕೆಟ್ ಮೇಲಿನ ಎಂಆರ್‌ಪಿ ಎಲ್ಲರಿಗೂ ಒಂದೇ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಅದನ್ನು ಮೀರಿ ಮಾರುವಂತಿಲ್ಲ. ಹಾಗಾಗಿ ಆಟ ನಡೆಯುವುದು ಎಂಆರ್‌ಪಿಯ ಕೆಳಗೆ. ನಿಮಗೆ ಎಷ್ಟು ಕೂಪನ್, ಅವರಿಗೆ ಎಷ್ಟು ಕೂಪನ್, ಯಾರಿಗೆ ಡೆಲಿವರಿ ಉಚಿತ, ಯಾರಿಗೆ ಪ್ಲಾಟ್‌ಫಾರ್ಮ್ ಫೀ. ಯಾರಿಗೂ ರೇಟ್ ಏರಿಸಿದ ಹಾಗೆ ಕಾಣುವುದಿಲ್ಲ. ಕೆಲವರಿಗೆ ಕಡಿಮೆ ಮಾಡಿದ ಹಾಗೆ ಮಾತ್ರ ಕಾಣುತ್ತದೆ. ಲೆಕ್ಕ ಹಾಕಿದರೆ ಎರಡೂ ಒಂದೇ ಅಲ್ವಾ?

ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನಾನೂ ಅತ್ತಿಗೆಯೂ ಊಟದ ಮೇಜಿನಲ್ಲಿ ಕೂತು ಒಂದು ಆ್ಯಪ್‌ನಲ್ಲಿ ಒಂದೇ ಮಿಕ್ಸಿಯನ್ನು ನೋಡಿದೆವು. ಅದೇ ಮಾಡೆಲ್, ಅದೇ ಮಾರಾಟಗಾರ, ಅದೇ ಪಿನ್‌ಕೋಡ್. ಮೊದಲ ಪುಟದಲ್ಲಿ ಇಬ್ಬರಿಗೂ 3,499 ರೂಪಾಯಿ. ಕೊನೆಯ ಪುಟಕ್ಕೆ ಹೋದಾಗ ಅತ್ತಿಗೆಯ ಫೋನಿನಲ್ಲಿ 'ನಿಮಗಾಗಿ ಮಾತ್ರ' ಎಂದು ಹಸಿರು ಪಟ್ಟಿಯಲ್ಲಿ 300 ರೂಪಾಯಿಯ ಕೂಪನ್ ಬಂತು. ನನ್ನದರಲ್ಲಿ ಏನೂ ಇಲ್ಲ. ನಾನು ಆ ಮಿಕ್ಸಿಯನ್ನು ಒಂದು ವಾರದಿಂದ ದಿನಾ ರಾತ್ರಿ ನೋಡುತ್ತಿದ್ದೆ. ಅತ್ತಿಗೆ ನೋಡಿದ್ದು ಅದೇ ಮೊದಲು. "ನಿಮಗೆ ಬೇಕೇ ಬೇಕು ಅಂತ ಅದಕ್ಕೆ ಗೊತ್ತಾಗಿದೆ" ಎಂದರು ಅತ್ತಿಗೆ. ಅದೇ ಕಾರಣ ಎಂದು ನಾನು ಸಾಧಿಸಿ ತೋರಿಸಲಾರೆ. ಆದರೆ ವ್ಯತ್ಯಾಸ ಎರಡು ಪರದೆಯ ಮೇಲೆ ಕಣ್ಣೆದುರು ಇತ್ತು.

ಕೊನೆಯ ಪುಟದಲ್ಲಿ ಒಟ್ಟು ಮೊತ್ತವನ್ನೂ ಅದರ ವಿಂಗಡಣೆಯನ್ನೂ ಬಿಡಿಸಿ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲ್ಗಡೆ ಗಂಟೆ ಕಾಣುವ ಹಾಗಿರಲಿ. ಆಮೇಲೆ ಎರಡೂ ಫೋನನ್ನು ಅಕ್ಕಪಕ್ಕ ಇಟ್ಟು ಮೂರನೇ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಮುಂದೆ ದೂರು ಕೊಡುವುದಾದರೆ ಈ ಫೋಟೋಕ್ಕೆ ಬೆಲೆ ಜಾಸ್ತಿ.

ಹಂತ 4: ಒಂದು ಸಲಕ್ಕೆ ಒಂದನ್ನೇ ಬದಲಿಸಿ

ವ್ಯತ್ಯಾಸ ಕಂಡಿತು ಎಂದುಕೊಳ್ಳಿ. ಈಗ ಕಾರಣ ಹುಡುಕಬೇಕು. ಸಾರಿಗೆ ಉಪ್ಪು ಜಾಸ್ತಿಯೋ ಹುಳಿ ಜಾಸ್ತಿಯೋ ಎಂದು ನೋಡುವಾಗ ಎರಡನ್ನೂ ಒಟ್ಟಿಗೆ ಹಾಕುವುದಿಲ್ಲವಲ್ಲ, ಹಾಗೆಯೇ. ಒಂದನ್ನು ಬದಲಿಸಿ, ರೇಟ್ ನೋಡಿ, ಬರೆದುಕೊಳ್ಳಿ. ಅದನ್ನು ಮೊದಲಿನ ಹಾಗೆ ಮಾಡಿ, ಆಮೇಲೆ ಇನ್ನೊಂದನ್ನು ಬದಲಿಸಿ.

ಮೊದಲು ಪಿನ್‌ಕೋಡ್. ಕಾಸರಗೋಡಿನ 671121 ಹಾಕಿ ನೋಡಿ, ಮಂಗಳೂರಿನ 575001 ಹಾಕಿ ನೋಡಿ. ರೇಟ್ ಬದಲಾದರೆ ಅದು ಜಾಗದ ಕ್ರಯ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. "ಕೇರಳದಲ್ಲಿ ಟ್ಯಾಕ್ಸ್ ಜಾಸ್ತಿ, ಅದಕ್ಕೆ" ಎಂದು ಹಲವರು ಹೇಳುತ್ತಾರೆ. ಜಿಎಸ್‌ಟಿ ದರ ದೇಶದಲ್ಲೆಲ್ಲ ಒಂದೇ. ಮಿಕ್ಸಿಗೆ ಉಪ್ಪಳದಲ್ಲಿ ಎಷ್ಟೋ ಉಳ್ಳಾಲದಲ್ಲೂ ಅಷ್ಟೇ. ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ, ಅದರ ಲೆಕ್ಕ ಇಲ್ಲಿಗೆ ತರಬೇಡಿ.

ಎರಡನೆಯದು ಖಾತೆ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ಹಳೆಯ ನೆನಪು ಇಲ್ಲದ ಕಿಟಕಿಯಲ್ಲಿ, ಲಾಗಿನ್ ಆಗದೆ ನೋಡಿ. ಅದೇ ಫೋನಿನಲ್ಲಿ, ಅದೇ ಬ್ರೌಸರಿನಲ್ಲಿ ಲಾಗಿನ್ ಆಗಿ ನೋಡಿ. ಲಾಗಿನ್ ಆದ ಕೂಡಲೇ ಮೊತ್ತ ಬದಲಾದರೆ ನಿಮ್ಮ ಖಾತೆಗೆ ಅಂಟಿದ ಏನೋ ಒಂದು ಇದೆ ಎಂದು ಅರ್ಥ. ಹೊಸ ಗ್ರಾಹಕರಿಗೆ ಮಾತ್ರ ಎಂಬ ಆಫರ್ ಇದ್ದರೆ ಅದನ್ನು ಬದಿಗಿಟ್ಟು ಲೆಕ್ಕ ಹಾಕಿ. ಅದು ಎಲ್ಲರಿಗೂ ಗೊತ್ತಿರುವ, ಬಹಿರಂಗವಾದ ರಿಯಾಯಿತಿ.

ಮೂರನೆಯದು ಫೋನು. ನಿಮ್ಮದೇ ಖಾತೆಯನ್ನು ಇನ್ನೊಂದು ಫೋನಿನಲ್ಲಿ ತೆರೆದು ನೋಡಿ. ಒಂದು ಐಫೋನ್, ಒಂದು ಕಡಿಮೆ ಬೆಲೆಯ ಆಂಡ್ರಾಯ್ಡ್ ಇದ್ದರೆ ಈ ಪರೀಕ್ಷೆ ಚೆನ್ನಾಗಿ ಆಗುತ್ತದೆ.

ನಾಲ್ಕನೆಯದು ಸಮಯ. ಕಾರ್ಟ್‌ನಲ್ಲಿ ಹಾಗೆಯೇ ಬಿಟ್ಟು ಮರುದಿನ, ಮೂರನೇ ದಿನ ನೋಡಿ. ಬಿಟ್ಟು ಹೋದವರನ್ನು ಮರಳಿ ಕರೆಯಲು ಕೂಪನ್ ಕಳಿಸುವ ಆ್ಯಪ್‌ಗಳಿವೆ.

ಹಂತ 5: ಬಂದ ಉತ್ತರವನ್ನು ಸರಿಯಾಗಿ ಓದಿ

ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ. ಎರಡು ಬೇರೆ ದಿನ, ಎರಡೆರಡು ಸಲ ಮಾಡಿ. ಹಳೆಯ ಪುಟ ಫೋನಿನಲ್ಲಿ ಹಾಗೆಯೇ ಉಳಿದು ನಿನ್ನೆಯ ರೇಟ್ ತೋರಿಸುವುದೂ ಉಂಟು. ಪುಟವನ್ನು ಕೆಳಗೆ ಎಳೆದು ಹೊಸದಾಗಿ ತೆರೆದುಕೊಳ್ಳಿ.

ಸಾಮಾನು, ಮಾರುವವರು, ಪಿನ್‌ಕೋಡ್, ಹೊತ್ತು, ಕಾರ್ಡ್ ಎಲ್ಲ ಒಂದೇ ಇದ್ದು, ಖಾತೆಯೋ ಫೋನೋ ಬದಲಾದಾಗ ಮಾತ್ರ ಮೊತ್ತ ಬದಲಾಗುತ್ತಿದ್ದರೆ, ಆಗ ಆಳಿಗೆ ತಕ್ಕ ಕ್ರಯ ಎಂದು ಅನುಮಾನ ಪಡಲು ಕಾರಣ ಇದೆ. ಅನುಮಾನ ಎಂದೇ ಬರೆಯುತ್ತಿದ್ದೇನೆ. ಒಳಗಿನ ಲೆಕ್ಕ ಕಂಪನಿಗೆ ಮಾತ್ರ ಗೊತ್ತು.

ವಿಮಾನದ ಟಿಕೆಟ್: ಇದರ ಲೆಕ್ಕವೇ ಬೇರೆ

ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳಿಂದ ಬರುವ ಪ್ರಶ್ನೆ ಇದು: "ಬೆಳಿಗ್ಗೆ ನೋಡಿದೆ, ಸಂಜೆಗೆ ಏರಿತು. ನಾನು ಹುಡುಕಿದ್ದು ಗೊತ್ತಾಗಿ ಏರಿಸಿದರಾ?" ಹೆಚ್ಚಾಗಿ ಅಲ್ಲ. ಒಂದು ವಿಮಾನದ ಸೀಟುಗಳನ್ನು ಹಲವು ದರದ ಗುಂಪುಗಳಾಗಿ ವಿಂಗಡಿಸಿರುತ್ತಾರೆ. ಇದನ್ನು ಫೇರ್ ಬಕೆಟ್ ಎನ್ನುತ್ತಾರೆ. ಕಡಿಮೆ ದರದ ಗುಂಪು ಖಾಲಿಯಾದ ಮೇಲೆ ಮುಂದಿನ ಗುಂಪು ತೆರೆಯುತ್ತದೆ. ಪೆರ್ನಾಲ್ (ಈದ್), ಓಣಂ, ಶಾಲೆಗೆ ರಜೆ ಸಿಗುವ ಹೊತ್ತಿಗೆ ಗುಂಪುಗಳು ಬೇಗ ಖಾಲಿಯಾಗುತ್ತವೆ. ಇನ್‌ಕಾಗ್ನಿಟೊದಲ್ಲಿ ನೋಡಿದರೆ ಟಿಕೆಟ್ ಅಗ್ಗ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನೋಡುವುದರಿಂದ ನಷ್ಟ ಇಲ್ಲ, ಆದರೆ ಅದನ್ನೇ ನಂಬಿ ದಿನ ಕಳೆಯಬೇಡಿ. ಆ ದಿನಗಳಲ್ಲಿ ಕಡಿಮೆ ದರದ ಸೀಟು ಹೋಗಿಬಿಡುತ್ತದೆ.

ಇದಕ್ಕಿಂತ ಉಪಯೋಗದ ವಿಷಯ ಒಂದಿದೆ. ನಾಲ್ಕು ಮಂದಿಗೆ ಒಟ್ಟಿಗೆ ಹುಡುಕಿದಾಗ, ಕಡಿಮೆ ದರದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದರೆ, ಸಾಮಾನ್ಯವಾಗಿ ನಾಲ್ವರಿಗೂ ಮೇಲಿನ ದರವನ್ನೇ ತೋರಿಸುತ್ತಾರೆ. ಕಡಿಮೆ ದರ 14,000, ಮೇಲಿನ ದರ 17,000 ಎಂದುಕೊಳ್ಳಿ. ಒಟ್ಟಿಗೆ ತೆಗೆದರೆ 68,000. ಇಬ್ಬಿಬ್ಬರಾಗಿ ತೆಗೆದರೆ 62,000. ಆರು ಸಾವಿರ ಉಳಿಯಿತು. ಆದ್ದರಿಂದ ಮೊದಲು ಒಬ್ಬರಿಗೆ ಎಂದು ಹುಡುಕಿ ದರ ನೋಡಿ, ಆಮೇಲೆ ಎಲ್ಲರಿಗೂ ಎಂದು ಹುಡುಕಿ. ಎಚ್ಚರಿಕೆ ಏನೆಂದರೆ, ಹೀಗೆ ತೆಗೆದರೆ ಎರಡು ಪಿಎನ್‌ಆರ್ ಆಗುತ್ತದೆ, ಅಂದರೆ ಎರಡು ಬೇರೆ ಬುಕಿಂಗ್. ವಿಮಾನ ರದ್ದಾದರೆ ಎರಡು ಬುಕಿಂಗ್‌ನವರನ್ನು ಬೇರೆ ಬೇರೆ ವಿಮಾನಕ್ಕೆ ಹಾಕಬಹುದು. ಸಣ್ಣ ಮಕ್ಕಳಿದ್ದರೆ ತಾಯಿ ಅಥವಾ ತಂದೆಯ ಬುಕಿಂಗ್‌ನಲ್ಲೇ ಅವರ ಹೆಸರಿರಲಿ.

ಮಂಗಳೂರು, ಕಣ್ಣೂರು ಎರಡೂ ವಿಮಾನ ನಿಲ್ದಾಣ ನೋಡಿ. ನಾವು ಎರಡರ ನಡುವೆ ಇದ್ದೇವೆ, ಈ ಅನುಕೂಲ ಎಲ್ಲರಿಗೂ ಇಲ್ಲ. ದುಬೈಯಲ್ಲಿರುವ ಮಗನೂ ಅಲ್ಲಿಂದ ದಿರ್ಹಮ್ಮಿನಲ್ಲಿ ಅದೇ ವಿಮಾನದ ದರ ನೋಡಲಿ. ಎಲ್ಲಿಂದ ಕೊಳ್ಳುತ್ತೀರಿ ಎಂಬುದರ ಮೇಲೂ ದರ ಬದಲಾಗುವುದುಂಟು.

ಟ್ಯಾಕ್ಸಿ ಆ್ಯಪ್ ಬಗ್ಗೆ ಎರಡೇ ಮಾತು. ಮಳೆ ಬಂದಾಗ, ರೈಲು ಬಂದ ಹೊತ್ತಿಗೆ ದರ ಏರುವುದಕ್ಕೆ ಸರ್ಜ್ ಎನ್ನುತ್ತಾರೆ. 2025ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಇದು ಮೂಲ ದರದ ಎರಡು ಪಟ್ಟು ಮೀರಬಾರದು. ಮೂಲ ದರವನ್ನು ನಿಗದಿ ಮಾಡುವುದು ಆಯಾ ರಾಜ್ಯದ ಕೆಲಸ. ಬುಕ್ ಮಾಡುವ ಮೊದಲು ಪಕ್ಕದಲ್ಲಿರುವವರ ಫೋನಿನಲ್ಲೂ ಒಮ್ಮೆ ದರ ನೋಡಿ. ಮಂಗಳೂರು ನಿಲ್ದಾಣದಿಂದ ಈಚೆ ಬರುವವರು ಗಡಿ ದಾಟುವ ಖರ್ಚು ದರದಲ್ಲಿ ಸೇರಿದೆಯೋ ಇಲ್ಲವೋ ಎಂದು ಹತ್ತುವ ಮೊದಲೇ ಕೇಳಿ.

ಹಂತ 6: ಫೋನು ನಿಮ್ಮ ಬಗ್ಗೆ ಹೇಳುವುದನ್ನು ಕಡಿಮೆ ಮಾಡಿ

ಆ್ಯಪ್‌ಗೆ ಏನೇನು ಗೊತ್ತಾಗಬಹುದು? ನೀವು ಇರುವ ಜಾಗ, ಫೋನಿನ ಮಾಡೆಲ್, ಹಿಂದೆ ಏನು ಕೊಂಡಿರಿ, ಯಾವ ಸಾಮಾನಿನ ಪುಟದಲ್ಲಿ ಎಷ್ಟು ಹೊತ್ತು ನಿಂತಿರಿ, ಕೂಪನ್ ಬಂದಾಗ ಮಾತ್ರ ಕೊಳ್ಳುವವರೋ ಹಾಗೆಯೇ ಕೊಳ್ಳುವವರೋ. ಇದರಲ್ಲಿ ಕೆಲವನ್ನು ನಾವು ತಡೆಯಬಹುದು.

ಲೊಕೇಶನ್: ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ಹೆಸರು ಒತ್ತಿ, ಬಳಸುವಾಗ ಮಾತ್ರ ಎಂದು ಇಡಿ. ಶಾಪಿಂಗ್ ಆ್ಯಪ್‌ಗೆ ನಿಖರ ಲೊಕೇಶನ್ ಬೇಕಾಗಿಲ್ಲ, ಪಿನ್‌ಕೋಡ್ ಸಾಕು. ನಿಖರ ಲೊಕೇಶನ್ ಎಂಬುದನ್ನು ಆಫ್ ಮಾಡಿ.

ಜಾಹೀರಾತಿನ ಗುರುತು: ಪ್ರತಿ ಫೋನಿಗೂ ಅಡ್ವರ್ಟೈಸಿಂಗ್ ಐಡಿ ಎಂಬ ನಂಬರ್ ಇರುತ್ತದೆ. ಒಂದು ಆ್ಯಪ್‌ನಲ್ಲಿ ನೋಡಿದ್ದು ಇನ್ನೊಂದು ಆ್ಯಪ್‌ನಲ್ಲಿ ಜಾಹೀರಾತಾಗಿ ಬರುವುದು ಇದರ ಮೂಲಕ. ಆಂಡ್ರಾಯ್ಡ್‌ನಲ್ಲಿ ಪ್ರೈವೆಸಿ, ಅದರೊಳಗೆ ಆ್ಯಡ್ಸ್, ಅಲ್ಲಿ ಈ ಐಡಿಯನ್ನು ಅಳಿಸುವ ಗುಂಡಿ ಇದೆ. ಕೆಲವು ಫೋನಿನಲ್ಲಿ ಗೂಗಲ್ ಎಂಬ ವಿಭಾಗದೊಳಗೆ ಸಿಗುತ್ತದೆ. ಐಫೋನಿನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿಯೊಳಗೆ ಟ್ರ್ಯಾಕಿಂಗ್ ಎಂದಿದೆ. ಅಲ್ಲಿ ಆ್ಯಪ್‌ಗಳು ಅನುಮತಿ ಕೇಳುವುದನ್ನೇ ನಿಲ್ಲಿಸಬಹುದು.

ಕಾಂಟ್ಯಾಕ್ಟ್ಸ್, ಎಸ್‌ಎಂಎಸ್: ಸಾಮಾನು ಮಾರುವ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಓದುವ ಕೆಲಸ ಇಲ್ಲ. ಬ್ಯಾಂಕಿನ ಮೆಸೇಜು, ಸಂಬಳ ಬಂದದ್ದು, ಸಾಲದ ಕಂತು ಎಲ್ಲ ಅಲ್ಲೇ ಇರುತ್ತದೆ. ಬೇಡ ಎಂದು ಒತ್ತಿ. ಒಟಿಪಿಯನ್ನು ಕೈಯಲ್ಲೇ ಹಾಕಿದರಾಯಿತು.

ಸುಮ್ನೆ ನೋಡುವುದನ್ನು ಲಾಗಿನ್ ಆಗದೆ ಬ್ರೌಸರಿನಲ್ಲಿ ನೋಡಿ. ಕೊಳ್ಳುವ ದಿನ ಮಾತ್ರ ಲಾಗಿನ್ ಆಗಿ. ನಾನು ಆ ಮಿಕ್ಸಿಯ ನಂತರ ಇದೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹಾಗೆಯೇ ಪೇಟೆಯ ಅಂಗಡಿಗೆ ಒಂದು ಫೋನ್ ಮಾಡಿ ಕೇಳಿ. "ಆನ್‌ಲೈನಲ್ಲಿ ಇಷ್ಟಿದೆ, ನೀವು ಎಷ್ಟಕ್ಕೆ ಕೊಡುತ್ತೀರಿ?" ಎಂದರೆ ನಮ್ಮ ಕಡೆಯ ಅಂಗಡಿಯವರು ಬೇಸರ ಮಾಡುವುದಿಲ್ಲ. ಹತ್ತಿರದಲ್ಲಿ ಅಂಗಡಿ ಉಳಿದರೆ ತಾನೇ ಆನ್‌ಲೈನಿನ ರೇಟಿಗೂ ಒಂದು ಹಿಡಿತ ಇರುವುದು. ಸ್ಟೇಪಲ್ಸ್ ಕಥೆ ಹೇಳುವುದೂ ಅದನ್ನೇ.

ಒಂದು ಎಚ್ಚರಿಕೆ. ಇಷ್ಟೆಲ್ಲ ಮಾಡಿದರೆ ಯಾವಾಗಲೂ ಕಡಿಮೆ ರೇಟ್ ಸಿಗುತ್ತದೆ ಎಂದಲ್ಲ. ಖಾತೆಗೆ ಅಂಟಿದ ಕೂಪನ್ ಕೆಲವೊಮ್ಮೆ ನಿಮಗೆ ಲಾಭವೇ ಆಗಿರುತ್ತದೆ. ಅದಕ್ಕಾಗಿಯೇ ಎರಡೂ ಬಗೆಯಲ್ಲಿ ನೋಡಬೇಕು.

ಕಾನೂನು ಏನು ಹೇಳುತ್ತದೆ?

ಆಳಿಗೆ ತಕ್ಕ ಕ್ರಯ ಹಾಕಲೇಬಾರದು ಎಂದು ನೇರವಾಗಿ ಹೇಳುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಆದರೆ ಕೈ ಕಟ್ಟಿ ಕೂರಬೇಕಾಗಿಯೂ ಇಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ 4ನೇ ನಿಯಮ, ಒಂದೇ ವರ್ಗದ ಗ್ರಾಹಕರ ನಡುವೆ ತಾರತಮ್ಯ ಮಾಡಬಾರದು, ಗ್ರಾಹಕರ ಹಕ್ಕಿಗೆ ಧಕ್ಕೆ ಬರುವ ಹಾಗೆ ಮನಬಂದಂತೆ ವಿಂಗಡಿಸಬಾರದು ಎನ್ನುತ್ತದೆ. ನ್ಯಾಯವಲ್ಲದ ಲಾಭಕ್ಕಾಗಿ ಬೆಲೆಯನ್ನು ತಿರುಚಬಾರದು ಎಂದೂ ಹೇಳುತ್ತದೆ. ಕೊನೆಯ ಪುಟದಲ್ಲಿ ಏಕಾಏಕಿ ಬರುವ ಶುಲ್ಕ, 'ಎರಡೇ ಉಳಿದಿದೆ' ಎಂಬ ಸುಳ್ಳು ಅವಸರ, ಕೇಳದೆ ಕಾರ್ಟ್‌ಗೆ ಸೇರಿಸುವ ಸಾಮಾನು, ಇವು ಡಾರ್ಕ್ ಪ್ಯಾಟರ್ನ್ ಎಂಬ ಪಟ್ಟಿಯಲ್ಲಿವೆ. ಅಂದರೆ ಗ್ರಾಹಕರನ್ನು ಯಾಮಾರಿಸುವ ಪರದೆಯ ವಿನ್ಯಾಸ. 2023ರ ನವೆಂಬರಿನಲ್ಲಿ ಬಂದ ಮಾರ್ಗಸೂಚಿ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ.

ನ್ಯೂಯಾರ್ಕ್ ರಾಜ್ಯದಲ್ಲಿ 2025ರಿಂದ ಒಂದು ಕಾನೂನು ಇದೆ. ಗ್ರಾಹಕರ ವೈಯಕ್ತಿಕ ಮಾಹಿತಿ ನೋಡಿ ಕಂಪ್ಯೂಟರ್ ಲೆಕ್ಕ ಹಾಕಿ ಬೆಲೆ ಇಟ್ಟಿದ್ದರೆ, ಅದನ್ನು ಬೆಲೆಯ ಪಕ್ಕದಲ್ಲೇ ಬರೆಯಬೇಕು. ನಮ್ಮಲ್ಲಿ ಇನ್ನೂ ಅಂಥ ಕಡ್ಡಾಯ ಇಲ್ಲ. ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಒಂದು ಸಾಲು ಬರೆಯಲು ಯಾವ ಕಂಪನಿಗೂ ಖರ್ಚಿಲ್ಲ.

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯೂ ಇದೆ. ನಮ್ಮ ಬಗ್ಗೆ ಇರುವ ಮಾಹಿತಿಯನ್ನು ಕೇಳಿ ಪಡೆಯುವ, ಅಳಿಸಲು ಹೇಳುವ ಹಕ್ಕು ಅದರಲ್ಲಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲ ಕೊಟ್ಟಿದ್ದಾರೆ.

ಹಂತ 7: ದೂರು

ಮೊದಲು ಕಂಪನಿಗೇ ಬರೆಯಿರಿ. ಪ್ರತಿ ಇ-ಕಾಮರ್ಸ್ ಕಂಪನಿಯೂ ದೂರು ಅಧಿಕಾರಿಯ ಹೆಸರು, ವಿಳಾಸವನ್ನು ತನ್ನ ಜಾಲತಾಣದಲ್ಲಿ ಹಾಕಲೇಬೇಕು. ಗ್ರೀವೆನ್ಸ್ ಆಫೀಸರ್ ಎಂದು ಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಹೇಳಬೇಕು. ಚಾಟ್‌ನಲ್ಲಿ ಬರುವ ಯಂತ್ರದೊಡನೆ ಮಾತಾಡಿ ಸುಸ್ತಾಗಬೇಡಿ, ಈ ಅಧಿಕಾರಿಗೇ ಇಮೇಲ್ ಮಾಡಿ.

"ನೀವು ಮೋಸ ಮಾಡಿದ್ದೀರಿ" ಎಂದು ಬರೆಯಬೇಡಿ. ಅದಕ್ಕೆ ಉತ್ತರವಾಗಿ ಒಂದು ಕ್ಷಮೆ, ನೂರು ರೂಪಾಯಿಯ ಕೂಪನ್ ಬರುತ್ತದೆ, ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ: "ಇಂಥ ತಾರೀಕು, ಇಂಥ ಗಂಟೆಗೆ, ಇದೇ ಮಾರಾಟಗಾರರ ಇದೇ ಮಾಡೆಲ್‌ಗೆ, ಇದೇ ಪಿನ್‌ಕೋಡ್‌ಗೆ ನನ್ನ ಖಾತೆಯಲ್ಲಿ ಇಷ್ಟು, ಇನ್ನೊಂದು ಖಾತೆಯಲ್ಲಿ ಇಷ್ಟು ತೋರಿಸಿದೆ. ವ್ಯತ್ಯಾಸಕ್ಕೆ ಕಾರಣವೇನು? ಬೆಲೆ ಅಥವಾ ಕೂಪನ್ ನಿರ್ಧರಿಸಲು ನನ್ನ ಯಾವ ಮಾಹಿತಿ ಬಳಸಿದ್ದೀರಿ?" ಪ್ರಶ್ನೆ ಖಚಿತವಾಗಿದ್ದರೆ ಜಾರಿಕೊಳ್ಳುವುದು ಕಷ್ಟ.

ಸಮಾಧಾನ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ 17 ಭಾಷೆಗಳಲ್ಲಿ ಮಾತಾಡಬಹುದು, ಕನ್ನಡವೂ ಇದೆ. ನಾವು ಕೇರಳದಲ್ಲಿದ್ದೇವೆ, ಮಲಯಾಳ ಸರಿಯಾಗಿ ಬಾರದು ಎಂದು ಹಿಂಜರಿಯಬೇಡಿ, ಕನ್ನಡವನ್ನೇ ಆರಿಸಿ. 8800001915 ನಂಬರಿಗೆ ವಾಟ್ಸಾಪ್ ಕೂಡ ಮಾಡಬಹುದು. ದೂರಿನ ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಈ ಸಹಾಯವಾಣಿ ದಂಡ ಹಾಕುವುದಿಲ್ಲ, ಕಂಪನಿಯೊಡನೆ ಮಾತಾಡಿ ಬಗೆಹರಿಸುವ ಕೆಲಸ ಮಾತ್ರ ಮಾಡುತ್ತದೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ನಮಗೆ ಆದ ದೊಡ್ಡ ಉಪಕಾರ ಎಂದರೆ, ಕಂಪನಿ ಬೆಂಗಳೂರಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, ನೀವು ವಾಸ ಇರುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಅಂದರೆ ಕಾಸರಗೋಡಿನ ಜಿಲ್ಲಾ ಆಯೋಗದಲ್ಲೇ. ಮಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಅಲ್ಲಿನ ಆಯೋಗವೂ ಆಗುತ್ತದೆ. ಕೊಟ್ಟ ಹಣ ಐದು ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಎಂದಿಲ್ಲ. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು.

ಆದರೆ ಆಯೋಗಕ್ಕೆ ಹೋಗಬೇಕಾದರೆ ನೀವು ನಿಜವಾಗಿ ಆ ಸಾಮಾನು ಕೊಂಡಿರಬೇಕು, ಬಿಲ್ಲು ಇರಬೇಕು. ನೋಡಿ ಬಿಟ್ಟವರ ದೂರಿಗೆ ಅಲ್ಲಿ ಬಲ ಕಡಿಮೆ, ಅಂಥದ್ದಕ್ಕೆ ಸಹಾಯವಾಣಿಯೇ ಸರಿಯಾದ ಜಾಗ. ಮುನ್ನೂರು ರೂಪಾಯಿಗಾಗಿ ಆಯೋಗದವರೆಗೆ ಹೋಗುವುದೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು. 1915ಕ್ಕೆ ಹೇಳುವುದನ್ನು ಮಾತ್ರ ಬಿಡಬೇಡಿ. ಒಂದೇ ಬಗೆಯ ದೂರು ಹಲವು ಕಡೆಯಿಂದ ಬಂದಾಗಲೇ ಮೇಲಿನವರು ನೋಟಿಸ್ ಕೊಡುವುದು, ಟ್ಯಾಕ್ಸಿ ಕಂಪನಿಗಳ ವಿಷಯದಲ್ಲಿ ಆದದ್ದೂ ಅದೇ.

ಸ್ಕ್ರೀನ್‌ಶಾಟ್‌ಗಳನ್ನು ಫೋನಿನಲ್ಲಿ ಮಾತ್ರ ಇಡಬೇಡಿ, ನಿಮಗೇ ಒಂದು ಇಮೇಲ್ ಮಾಡಿಕೊಳ್ಳಿ. ಹಾಗೆ ಮಾಡಿದರೆ ತಾರೀಕೂ ಗಂಟೆಯೂ ಅದರಲ್ಲೇ ದಾಖಲಾಗುತ್ತದೆ. ನೋಟ್‌ಬುಕ್ಕಿನಲ್ಲಿ ಆರು ಸಾಲು ಸಾಕು: ತಾರೀಕು, ಗಂಟೆ, ಸಾಮಾನಿನ ಮಾಡೆಲ್, ಮಾರಾಟಗಾರರ ಹೆಸರು, ಪಿನ್‌ಕೋಡ್, ಎರಡು ಫೋನಿನ ಎರಡು ಮೊತ್ತ.